ಧೂಳು ಕೂರದ ಬಾಗಿಲು

ನಮ್ಮ ಮನೆಯವರಿಗೆ ಲೋಕದಲ್ಲಿ ಒಂದೇ ವೈರಿ, ಧೂಳು. ನಿಜಾಮ ಸರ್ಕಾರದ ಕಚೇರಿಗಳ ಬಾಗಿಲಿಗೆ, ಸಾಹುಕಾರರ ಟಾಂಗಾಗಳಿಗೆ ಎಣ್ಣೆಬಣ್ಣ ಬಳಿಯುವುದು ಅವರ ಕಸುಬು. ಬೀದರಿನ ಕೆಂಪು ಧೂಳಾಗಲಿ, ನಮ್ಮ ಭಾಲ್ಕಿಯ ಕರಿ ಧೂಳಾಗಲಿ, ಹಸಿ ಬಣ್ಣದ ಮೇಲೆ ಒಂದು ಕಣ ಕೂತರೂ ಕುಲದ ಮಾನವೇ ಹೋದಂತೆ. ಅದಕ್ಕೇ ಕಿಟಕಿಗಳನ್ನೆಲ್ಲ ಮುಚ್ಚಿ, ಬಾಗಿಲಿಗೆ ಹಸಿ ಗೋಣಿತಟ್ಟು ಇಳಿಬಿಟ್ಟು, ಒಳಗೆ ಕೂತು ಬಣ್ಣಕ್ಕೆ ಘಾಟಿನ ತಾರ್ಪಿನ್ ಎಣ್ಣೆ ಬೆರೆಸಿ ತೆಳ್ಳಗೆ ಮಾಡಿ ಬಳಿಯುವರು. ಆ ತಟ್ಟನ್ನು ನೆನೆಸಿ ಕಟ್ಟುವ ಪುಣ್ಯದ ಕೆಲಸ ನನ್ನದು.

"ಉಸಿರು ಕಟ್ತದ, ಒಂದ್ ಖಿಡಕಿ ತೆಗಿಲೇನ್ರಿ?" ಎಂದು ಕೇಳಿದರೆ, "ನಿನಗ ಉಸಿರಿನ ಚಿಂತಿ, ನನಗ ಹೊಳಪಿನ ಚಿಂತಿ. ಸುಮ್ನ ಹೋಗು" ಎನ್ನುವರು.

ಕೆಲಸ ಮುಗಿದ ಮೇಲೆ ಬಾಗಿಲಿನ ಕೆಳಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ತಮ್ಮ ಹೆಸರು ಬರೆಯುವರು. ಹೈದರಾಬಾದಿನ ಹುಜೂರರೂ ಅಷ್ಟು ಠೀವಿಯಿಂದ ರುಜು ಹಾಕಿರಲಾರರು. ಆ ಹೆಸರನ್ನು ಊರೆಲ್ಲ ಕೂಗಬಹುದು, ನಾನು ಮಾತ್ರ ಬಾಯಿಗೆ ತರುವಂತಿಲ್ಲ. ಹೆಂಡತಿ ಹೆಸರು ಹಿಡಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದಂತೆ. ಮದುವೆಯ ದಿನ ಹೊಸ್ತಿಲಲ್ಲಿ ಹೆಂಗಸರು ಅಡ್ಡಗಟ್ಟಿದಾಗ ಒಡಪಿನ ಪದ್ಯದಲ್ಲಿ ಸೇರಿಸಿ ಒಮ್ಮೆ ಹೇಳಿದ್ದೆ, ಅಷ್ಟೇ. ತಾರ್ಪಿನ್ ಎಣ್ಣೆಯಿಂದ ಆಯುಷ್ಯಕ್ಕೆ ಏನಾಗುತ್ತದೆ ಎಂದು ಮಾತ್ರ ಯಾವ ಹಿರಿಯಳೂ ಹೇಳಲಿಲ್ಲ.

ಮೊದಮೊದಲು ಬರೀ ತಲೆನೋವು. ಸಂಜೆ ಹೊರಬಂದಾಗ ಕುಡಿದವರ ಹಾಗೆ ತೂಗಾಡುವರು, ಕಾರಣವಿಲ್ಲದೆ ನಗುವರು. ಹೆಂಡ ಮುಟ್ಟದ ಶರಣರ ಮನೆಯಲ್ಲಿ ಖರ್ಚಿಲ್ಲದೆ ಅಮಲು! ಹಕೀಮರು ನಾಡಿ ಹಿಡಿದು ಗಂಭೀರವಾಗಿ, "ಬೆಲ್ಲ ತಿನ್ರಿ, ವಾಸನಿ ಇಳೀತದ" ಎಂದರು. ನಾನೂ ನಂಬಿದೆ. ಬೆಲ್ಲ ಕೊಟ್ಟೆ. ಆಮೇಲೆ ಆಮೇಲೆ ಬೆಲ್ಲ ತಿಂದದ್ದನ್ನೇ ಮರೆತು ಮತ್ತೆ ಕೈಯೊಡ್ಡತೊಡಗಿದರು.

ಹಬ್ಬಕ್ಕೆ ಔರಾದಿನ ನನ್ನ ತವರಿಗೆ ಹೋಗಿ ಹತ್ತು ದಿನ ಬಯಲ ಗಾಳಿಯಲ್ಲಿದ್ದರೆ ಅವರ ತಲೆ ತಿಳಿಯಾಗುತ್ತಿತ್ತು. ನನ್ನ ಅಪ್ಪನ ಕೂಡ ಹಳೆಯ ಮಾತೆಲ್ಲ ಆಡುತ್ತಿದ್ದರು. ಭಾಲ್ಕಿಗೆ ಮರಳಿ ಗೋಣಿತಟ್ಟಿನೊಳಗೆ ಹೊಕ್ಕರೆ ಮತ್ತೆ ಅದೇ ಮಂಕು. ಇದು ನನಗೆ ಕಾಣುತ್ತಿತ್ತು. ಕಂಡೂ ತಟ್ಟು ನೆನೆಸುತ್ತಿದ್ದೆ. ಕಡೆಕಡೆಗೆ ಔರಾದಿನ ಗಾಳಿಯೂ ಸೋತಿತು. ಸಿಟ್ಟು ಬೇಗ ಬರುತ್ತಿತ್ತು, ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. "ದೃಷ್ಟಿ ಆಗ್ಯದ" ಎಂದಳು ನೆರೆಮನೆಯವಳು. ಹೌದು ತಾಯಿ, ಊರಿನ ಕಣ್ಣಿಗೆ ಬೇರೆ ಕೆಲಸವೇನಿದೆ.

ಬೀದರಿನ ಒಂದು ಕಚೇರಿಯ ಬಾಗಿಲು ಅವರ ಕಡೆಯ ಕೆಲಸ. ಒಬ್ಬರನ್ನೇ ಕಳಿಸಲು ಧೈರ್ಯವಾಗದೆ ನಾನೂ ಜೊತೆಗೆ ಹೋಗಿದ್ದೆ. ಅಲ್ಲೂ ಕಿಟಕಿಗಳನ್ನು ಮುಚ್ಚಿ, ತಟ್ಟು ನೆನೆಸಿ ಕಟ್ಟಿಕೊಟ್ಟಿದ್ದೆ. ಕೈ ಮಾತ್ರ ಮರೆತಿರಲಿಲ್ಲ. ಕನ್ನಡಿಯಂಥ ಹೊಳಪು, ಒಂದು ಕಣ ಧೂಳಿಲ್ಲ. ಮೂಲೆಯಲ್ಲಿ ಹೆಸರು ಬರೆಯಲು ಕುಂಚ ಎತ್ತಿದವರು ಹಾಗೇ ಕೂತರು. ಆಮೇಲೆ ನನ್ನ ಕಡೆ ತಿರುಗಿ ಸಣ್ಣ ದನಿಯಲ್ಲಿ ಕೇಳಿದರು:

"ಇಲ್ಲಿ ಏನ್ ಬರೀಬೇಕು?"

ಒಡಪಿಲ್ಲ, ನಾಚಿಕೆಯಿಲ್ಲ, ಅಲ್ಲೇ ನಿಂತಿದ್ದ ಕಚೇರಿಯ ಜವಾನನ ಮುಂದೆಯೇ ಅವರ ಹೆಸರು ಹೇಳಿಬಿಟ್ಟೆ. ಜವಾನ ಬೆಚ್ಚಿ ನನ್ನ ಮುಖ ನೋಡಿದ. ತವರಿನ ಮಠದಲ್ಲಿ ಕಲಿತ ಅಕ್ಷರಗಳನ್ನು ಒಂದೊಂದೇ ಹೇಳಿಕೊಟ್ಟೆ. ಅವರು ಒಂದೊಂದೇ ಬರೆದರು, ಮುತ್ತಿನ ಹಾಗೆ ದುಂಡಗೆ. ಬರೆದದ್ದನ್ನು ತಲೆ ವಾರೆಮಾಡಿ ನೋಡಿ ಮೆಚ್ಚಿಕೊಂಡು, ನನ್ನನ್ನೇ ಕೇಳಿದರು:

"ಹೆಸರ ಛಲೋ ಅದ. ಯಾರದ್ರಿ ಅಕ್ಕಾ ಇದು?"

ನಾನು ಎದ್ದುಹೋಗಿ ಗೋಣಿತಟ್ಟು ಕಿತ್ತೆ, ಕಿಟಕಿಗಳನ್ನೆಲ್ಲ ತೆರೆದೆ. ಕೆಂಪು ಧೂಳು ಬಂದು ಹಸಿ ಬಣ್ಣದ ಮೇಲೆ, ಆ ಹೆಸರಿನ ಮೇಲೆ ಕೂತಿತು. ಅವರು ಬೈಯಲಿ ಎಂದು ಕಾದೆ. ಅವರು ಧೂಳು ಕೂರುವುದನ್ನೇ ನೋಡುತ್ತ ಕೂತಿದ್ದರು.