ಮೃದಂಗದ ಮರೆಯಲ್ಲಿ ಕ್ಲಿಕ್

ನಮ್ಮ ಪಕ್ಕದ ಮನೆಯ ಫೋಟೋದವರು ಸಂಗೀತ ಕಚೇರಿಗಳ ಚಿತ್ರ ತೆಗೆಯಲು ಊರೂರು ಸುತ್ತುತ್ತಾರೆ. ರೈಲಿನಲ್ಲಿ ಬಟ್ಟೆಯ ಚೀಲ ಕಾಲಡಿಗೆ, ಕ್ಯಾಮೆರಾ ಮಾತ್ರ ಎಳೆಗೂಸಿನಂತೆ ಮಡಿಲಲ್ಲಿ. ಸಭಾಂಗಣಕ್ಕೆ ಬಂದರೆಂದರೆ ಚಪ್ಪಲಿ ಕಳಚಿ ಬೆಕ್ಕಿನ ಹೆಜ್ಜೆ ಇಡುತ್ತಾರೆ. ಕ್ಲಿಕ್ ಸದ್ದು ಯಾರಿಗೂ ಕೇಳಬಾರದೆಂದು ಮೃದಂಗದ ಜೋರು ಪೆಟ್ಟಿಗಾಗಿ ಕಾಯುತ್ತಾರೆ. ಕೆಮ್ಮು ಬಂದರೆ ಚಪ್ಪಾಳೆಯವರೆಗೆ ತಡೆದಾರು, ಸೀನು ಬಂದರೆ ಮುಂದಿನ ಊರಿಗೇ ಮುಂದೂಡಿಯಾರು, ಅಂಥ ಆಸಾಮಿ. ಊರಿಂದ ಮರಳಿದಾಗಲೂ ಅಷ್ಟೆ, ತಮ್ಮ ಮನೆಯ ಬಾಗಿಲನ್ನೇ ತಟ್ಟದೆ ಚೀಲ ಹೊತ್ತು ಮೆಟ್ಟಿಲ ಮೇಲೆ ನಿಂತುಬಿಡುತ್ತಾರೆ. ಒಳಗೆ ಅವರ ಹೆಂಡತಿ ಪಾತ್ರೆ ತೊಳೆಯುತ್ತಾ ಹಾಡಿಕೊಳ್ಳುತ್ತಿರುತ್ತಾರೆ. “ಊರವರದ್ದೆಲ್ಲಾ ತೆಗೀತೀರಿ, ಅಕ್ಕ ಹಾಡೋದನ್ನೂ ಒಂದು ತೆಗೀಬಾರದಾ?” ಎಂದು ಮೊನ್ನೆ ಕೇಳಿದೆ. “ನಾನು ಬಂದಿದ್ದು ಗೊತ್ತಾದ್ರೆ ನಿಲ್ಲಿಸಿಬಿಡ್ತಾಳೆ, ಸ್ವಲ್ಪ ಸುಮ್ನಿರಿ,” ಎಂದು ಪಿಸುಗುಟ್ಟಿ, ಮೆಲ್ಲಗೆ ಚಪ್ಪಲಿ ಕಳಚಿದರು.