ಸ್ಟೇಷನ್ ಬಸ್ಸಿನ ಕಂಡಕ್ಟರ್

ರೈಲು ನಿಲ್ದಾಣದಿಂದ ಪೇಟೆಗೆ ಹೋಗುವ ನಮ್ಮ ಬಸ್ಸಿನ ಕಂಡಕ್ಟರನಿಗೆ ಬಸ್ಸು ತುಂಬಿತು ಎಂಬ ಮಾತೇ ಒಪ್ಪಿಗೆಯಿಲ್ಲ. ಉಸಿರಾಡಲು ಜಾಗವಿಲ್ಲದಾಗಲೂ "ಒಳಗೆ ಹೋಗಿ, ಹಿಂದುಗಡೆ ಮೈದಾನ ಇದೆ!" ಎಂದು ಕೂಗುತ್ತಾನೆ. ರೈಲಿಳಿದು ಬಂದವರ ಸಾಮಾನು ಕಂಡರಂತೂ ಅವನ ಬಾಯಿ ಸುಮ್ಮನಿರದು. "ಏನಕ್ಕಾ, ಗೋಡೆ ಒಂದು ಬಿಟ್ಟು ಮನೇನೆಲ್ಲಾ ತಂದ್ರಾ?" ಎನ್ನುತ್ತಲೇ ಪೆಟ್ಟಿಗೆಯನ್ನು ತಾನೇ ಎತ್ತಿಡುತ್ತಾನೆ. ಯಾರ ಮನೆಗೆ, ಏನು ಸಮಾಚಾರ, ಎಷ್ಟು ದಿನ ಇರ್ತೀರಿ ಎಂದೆಲ್ಲ ವಿಚಾರಿಸದೆ ಟಿಕೆಟ್ ಹರಿಯುವುದಿಲ್ಲ. ಡ್ರೈವರ್ ಹಾರ್ನ್ ಒತ್ತಿ ಒತ್ತಿ ಸುಸ್ತಾದರೂ, ಓಡಿಬರುವ ಕೊನೆಯವರು ಹತ್ತುವ ತನಕ ಸೀಟಿ ಊದುವುದಿಲ್ಲ. ಮೊನ್ನೆ ಮಧ್ಯಾಹ್ನ ಹಾಗೆ ಕೊನೆಗೆ ಹತ್ತಿದವಳು, ಹೋದ ವರ್ಷ ಮದುವೆಯಾಗಿ ದೂರದೂರಿಗೆ ಹೋಗಿದ್ದ ಅವನ ಮಗಳು. ಕೈಯಲ್ಲಿ ದೊಡ್ಡ ಸೂಟ್‌ಕೇಸು; ಕಣ್ಣು ಅತ್ತು ಊದಿತ್ತು. "ಅಪ್ಪಾ, ನಾನಿನ್ನು ವಾಪಸ್ ಹೋಗಲ್ಲ," ಎಂದಳು. ಕಂಡಕ್ಟರ್ ಏನನ್ನೂ ಕೇಳಲಿಲ್ಲ. ತನ್ನ ಸೀಟಿನ ಧೂಳನ್ನು ಅಂಗೈಯಿಂದ ಒರೆಸಿ, "ಕೂತ್ಕೋ ಪುಟ್ಟಿ. ಡ್ಯೂಟಿ ಮುಗೀಲಿ, ಒಟ್ಟಿಗೇ ಮನೆಗೆ ಹೋಗೋಣ," ಎಂದ. ಸಂಜೆ ನಾನು ಅದೇ ಬಸ್ಸಿನಲ್ಲಿ ಮರಳುವಾಗಲೂ ಅವಳು ಅಲ್ಲೇ ಕಿಟಕಿಗೆ ತಲೆಯಾನಿಸಿ ನಿದ್ದೆಹೋಗಿದ್ದಳು. ತಿರುವಿನಲ್ಲಿ ಸೂಟ್‌ಕೇಸು ಜಾರಿ ಅವಳಿಗೆ ಎಚ್ಚರವಾಗದಿರಲೆಂದು ಅವನು ಅದಕ್ಕೆ ಮೊಣಕಾಲು ಒತ್ತಿ ನಿಂತೇ ಟಿಕೆಟ್ ಹರಿಯುತ್ತಿದ್ದ.