ಎರಕ ಕಾಣದ ಚಕ್ರ

ಸದಾಶಿವ ರಾಯರು ಯಂತ್ರಗಳನ್ನು ಕಿವಿಯಿಂದ ನೋಡುತ್ತಿದ್ದರು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಅವರ ಅಣ್ಣನ ಹೋಟೆಲು. ಅಲ್ಲಿ ಕಾಫಿ ಕುಡಿಯುತ್ತ ಕೂತ ರಾಯರು ಇದ್ದಕ್ಕಿದ್ದಂತೆ ಲೋಟ ಕೆಳಗಿಟ್ಟು, ಒಳಗೆ ತಿರುಗುವ ಗ್ರೈಂಡರಿನ ಕಡೆ ಕೈ ತೋರಿಸಿ, "ಅದರ ಬೇರಿಂಗ್ ಅಳ್ತಾ ಉಂಟು, ಇವತ್ತೇ ಬದಲಿಸಿ" ಅನ್ನುತ್ತಿದ್ದರು. ನಾನು ಪತ್ರಿಕೆಯ ವರದಿಗಾರ, ಕೇಳಿದ್ದನ್ನು ಪರೀಕ್ಷಿಸದೆ ನಂಬುವ ಅಭ್ಯಾಸವಿಲ್ಲ. ಒಮ್ಮೆ ಅಡುಗೆಮನೆಗೆ ಹೋಗಿ ವಿಚಾರಿಸಿದೆ. ಬೇರಿಂಗ್ ನಿಜಕ್ಕೂ ಸವೆದಿತ್ತು.

ರಾಯರು ತುರ್ಭೆಯ ಪಂಪು ಕಾರ್ಖಾನೆಯೊಂದರಲ್ಲಿ ವಿನ್ಯಾಸದ ಕೆಲಸದಲ್ಲಿದ್ದರು. ಪಂಪಿನೊಳಗೆ ನೀರನ್ನು ಮೇಲೆ ತಳ್ಳುವುದು ಬಾಗಿದ ಅಲಗುಗಳಿರುವ ಒಂದು ಚಕ್ರ. ಅಂಥ ಹೊಸ ಚಕ್ರವೊಂದನ್ನು ಅವರು ಕಾರ್ಖಾನೆಯ ವರ್ಕ್‌ಸ್ಟೇಷನ್‌ನಲ್ಲಿ, ಅಂದರೆ ಆ ಕಾಲದ ದೊಡ್ಡ ಕಂಪ್ಯೂಟರಿನಲ್ಲಿ, ರೂಪಿಸಿದ್ದರು. ಅದು ಎರಕಕ್ಕೆ ಹೋಗುವ ಮೊದಲೇ ಕಾರ್ಖಾನೆ ಮುಚ್ಚಿತು. ಯಾರಿಗೂ ಬೇಡವಾದ ಕಂಪ್ಯೂಟರನ್ನು ರಾಯರು ಟೆಂಪೋದಲ್ಲಿ ತಂದರು. ಕಲ್ಯಾಣದ ಅವರ ಪುಟ್ಟ ಮನೆಯಲ್ಲಿ ಜಾಗವಿರಲಿಲ್ಲ. ಅಣ್ಣನ ಹೋಟೆಲಿನ ಅಟ್ಟಕ್ಕೇರಿಸಿದರು. ಆಮೇಲೆ ಶಹಾಡಿನಲ್ಲಿ ಬೇರೆ ಕೆಲಸ, ಮಕ್ಕಳ ಮದುವೆ, ನಿವೃತ್ತಿ. ಯಂತ್ರ ಮೇಲೆಯೇ ಉಳಿಯಿತು.

ಕೆಲವು ವರ್ಷಗಳ ಹಿಂದೆ ಕಣ್ಣಿನ ಡಾಕ್ಟರು ಗ್ಲೌಕೋಮಾ ಎಂದರು. ನೋಟ ಅಂಚಿನಿಂದ ಕಿರಿದಾಗುತ್ತ ಬಂದಿತ್ತು, ಹೋದಷ್ಟು ಮರಳುವುದಿಲ್ಲ.

"ಕಣ್ಣಿರುವಾಗ ಆ ಚಕ್ರವನ್ನು ಒಮ್ಮೆ ನೋಡ್ಬೇಕು, ಪೇಪರಿನವ್ರೇ," ಎಂದರು ರಾಯರು. "ಬೇರೆ ಕಾಪಿ ಎಲ್ಲಿಯೂ ಇಲ್ಲ. ಡಿಸ್ಕ್ ತಿರುಗಿದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಒಂದು ಭಾನುವಾರ, ಊಟದ ಗದ್ದಲ ಮುಗಿದ ಮೇಲೆ, ಯಂತ್ರವನ್ನು ಕೆಳಗಿಳಿಸಿ ಹೋಟೆಲಿನ ಮೇಜಿನ ಮೇಲಿಟ್ಟೆವು. ರಾಯರು ಮುಚ್ಚಳ ಬಿಚ್ಚಿದರು. ಒಳಗೆಲ್ಲ ಕೆಂಪು. ಕುಂಕುಮ, ಅಕ್ಷತೆ, ಒಣಗಿದ ದಾಸವಾಳದ ಎಸಳು.

ಅವರ ಅತ್ತಿಗೆ ಗಿರಿಜಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಇಣುಕಿದರು. ಪ್ರತಿ ಆಯುಧಪೂಜೆಗೆ ಗ್ರೈಂಡರು, ಫ್ರಿಜ್ಜು, ತಕ್ಕಡಿಗಳ ಜೊತೆ ಅಟ್ಟದ ಕಂಪ್ಯೂಟರಿಗೂ ಅವರು ತಪ್ಪದೆ ಪೂಜೆ ಮಾಡಿದ್ದರು. ಎಲ್ಲವೂ ಗಾಳಿಯ ಕಿಂಡಿಗಳಿಂದ ಒಳಗಿಳಿದಿತ್ತು.

"ಅತ್ತಿಗೆ, ಇಷ್ಟು ವರ್ಷ ಇದಕ್ಕೆ ಅಕ್ಕಿ ತಿನ್ನಿಸಿದ್ದೀರಿ. ಇನ್ನು ನಾನು ಬಾಯಿ ತೊಳೆಸ್ಬೇಕು."

"ಅದು ಉಳಿದದ್ದೇ ನನ್ನ ಪೂಜೆಯಿಂದ, ಸದಾಶಿವ. ನೀನು ಒಂದು ದಿನವಾದ್ರೂ ಹತ್ತಿ ನೋಡಿದ್ದುಂಟಾ?"

ರಾಯರು ಪೆಟ್ಟಿಗೆಯ ಮೇಲೆ ಬಾಗಿದರು. ಚಿಮಟದಿಂದ ಅಕ್ಕಿಯ ಕಾಳುಗಳನ್ನು ಹೆಕ್ಕಿದರು, ಕುಂಚದಿಂದ ಕುಂಕುಮ ಉದುರಿಸಿದರು. ನೋಟ ಚಿಕ್ಕದಾದ್ದರಿಂದ ಒಂದೊಂದು ಮೂಲೆಗೂ ತಲೆಯನ್ನೇ ಒಯ್ಯಬೇಕಿತ್ತು. ನಾನು ಪ್ಲಗ್ಗನ್ನು ಕೈಗೆತ್ತಿಕೊಂಡದ್ದೇ ಗದರಿದರು. "ಸೀದಾ ಕೊಟ್ರೆ ಎಕ್‌ದಂ ಸುಟ್ಟು ಹೋಗ್ಬಹುದು ಮಾರಾಯ್ರೇ." ಕರೆಂಟಿನ ದಾರಿಯಲ್ಲಿ ಒಂದು ಹಳೆಯ ಬಲ್ಬು ಸೇರಿಸಿದರು. ಒಳಗೆ ಶಾರ್ಟ್ ಇದ್ದರೆ ಬಲ್ಬು ಉರಿಯುತ್ತಲೇ ಇರುತ್ತದೆ, ಯಂತ್ರ ಉಳಿಯುತ್ತದೆ. ಸ್ವಿಚ್ಚು ಹಾಕಿದಾಗ ಬಲ್ಬು ಭಗ್ಗೆಂದು ಬೆಳಗಿತು, ಮರುಗಳಿಗೆ ಮಂಕಾಯಿತು. ರಾಯರು ಉಸಿರು ಬಿಟ್ಟರು. ಬಲ್ಬನ್ನು ತೆಗೆದು ಪೂರ್ತಿ ಕರೆಂಟು ಕೊಟ್ಟರು.

ಡಿಸ್ಕಿನಿಂದ ಸದ್ದಿಲ್ಲ.

"ಮೇಲಿನ ಫ್ಯಾನ್ ಬಂದ್ ಮಾಡಿ." ಅವರು ಪೆಟ್ಟಿಗೆಗೆ ಕಿವಿ ಒತ್ತಿದರು. ರಸ್ತೆಯಲ್ಲಿ ರಿಕ್ಷಾಗಳು ಹಾರ್ನ್ ಹೊಡೆಯುತ್ತಿದ್ದವು. ಗಿರಿಜಮ್ಮ ಮಿಸುಕಲಿಲ್ಲ. ಆಮೇಲೆ ಎಲ್ಲೋ ಆಳದಲ್ಲಿ ನೂಲಿನಷ್ಟು ತೆಳುವಾದ ದನಿ ಹುಟ್ಟಿತು, ಏರಿತು, ಒಂದು ಶ್ರುತಿಯಲ್ಲಿ ನಿಂತಿತು.

"ಎದ್ದ," ಎಂದರು ರಾಯರು.

ಒಳಗಿನ ಬ್ಯಾಟರಿ ಸತ್ತು ಯಂತ್ರಕ್ಕೆ ತನ್ನ ಡಿಸ್ಕ್ ಎಲ್ಲಿದೆಯೆಂಬುದೂ ಮರೆತುಹೋಗಿತ್ತು. ರಾಯರ ಬೆರಳುಗಳಿಗೆ ಮರೆತಿರಲಿಲ್ಲ. ಆಜ್ಞೆಗಳನ್ನು ಒಂದೊಂದಾಗಿ ಟೈಪು ಮಾಡಿದರು. ದಪ್ಪ ಗಾಜಿನ ಪರದೆ ಮೆಲ್ಲನೆ ಬಿಸಿಯಾಯಿತು. ಕತ್ತಲೆಯೊಳಗಿಂದ ಚಕ್ರ ಬಂತು.

ಹಿತ್ತಾಳೆಯ ಬಣ್ಣ. ತನ್ನಷ್ಟಕ್ಕೆ ತಿರುಗುತ್ತಿತ್ತು. ಮುಂಬ್ರಾದಲ್ಲಿ ಸಮುದ್ರ ಒಳನುಗ್ಗುವ ಖಾಡಿಯಲ್ಲಿ ಇಳಿತದ ನೀರು ಸುಳಿಯಾಗುವಾಗ ಕಾಣುವ ಬಾಗು ಪ್ರತಿ ಅಲಗಿಗೂ ಇತ್ತು, ಬೆಳಕು ಅಲಗಿನಿಂದ ಅಲಗಿಗೆ ಜಾರುತ್ತಿತ್ತು. ಕಾರ್ಖಾನೆ ಹೋಗಿತ್ತು, ಅದರ ಜನ ಚದುರಿದ್ದರು, ಈ ಒಂದು ವಸ್ತು ಅಟ್ಟದ ಕತ್ತಲೆಯಲ್ಲಿ ಒಂದು ಗೆರೆಯೂ ಮಾಸದೆ ಇಷ್ಟು ವರ್ಷ ಇತ್ತು. ಗಿರಿಜಮ್ಮ ಕೈಮುಗಿದದ್ದು ಅವರಿಗೇ ತಿಳಿದಂತಿರಲಿಲ್ಲ.

ರಾಯರು ಚಕ್ರವನ್ನು ನಿಲ್ಲಿಸಿದರು. ಮೂಗು ಪರದೆಗೆ ತಾಗುವಷ್ಟು ಬಾಗಿ, ಅಲಗಿನ ಉದ್ದಕ್ಕೂ ತಲೆಯನ್ನು ಮೆಲ್ಲಗೆ ಸರಿಸುತ್ತ ನೋಡಿದರು.

"ಛೆ! ತುದಿ ದಪ್ಪ ಆಗಿದೆ. ನೀರು ಇಲ್ಲಿ ಒದ್ದಾಡ್ತದೆ."

"ಯಾರು ಮಾಡಿದ್ದಂತೆ?" ಗಿರಿಜಮ್ಮ ಕೇಳಿದರು.

"ನಾನೇ, ಅತ್ತಿಗೆ."

ತಿದ್ದಲು ಕೂತರು. ಸಂಜೆಯ ಗಿರಾಕಿಗಳು ಬರತೊಡಗಿದರೂ ತಿದ್ದಿ ಮುಗಿಯುವವರೆಗೆ ಮೇಜು ಬಿಡಲಿಲ್ಲ. ಮಾಣಿಗಳು ಅವರನ್ನು ಬಳಸಿಕೊಂಡು ದೋಸೆ ಒಯ್ದರು.

ರಾಯರು ಈಗ ಇಲ್ಲ. ತೀರಿಕೊಳ್ಳುವುದಕ್ಕೆ ಕೆಲವು ವಾರಗಳ ಮೊದಲು ಕಲ್ಯಾಣದ ಮನೆಗೆ ಹೋಗಿದ್ದೆ. ನನ್ನನ್ನು ದನಿಯಿಂದಲೇ ಗುರುತಿಸಿದರು; ಕಣ್ಣಿನಲ್ಲಿ ಹೆಚ್ಚೇನೂ ಉಳಿದಿರಲಿಲ್ಲ.

"ಅಷ್ಟು ಚಂದದ ಚಕ್ರ, ತಯಾರಾಗ್ಲೇ ಇಲ್ವಲ್ಲ ರಾಯ್ರೇ. ಬೇಜಾರಿಲ್ವಾ?" ಎಂದು ಕೇಳಿದೆ.

"ಬೇಜಾರು ಎಂತದ್ದು? ಆವಾಗ ಎರಕ ಹೊಯ್ದಿದ್ರೆ ನನ್ನ ತಪ್ಪು ಊರೆಲ್ಲ ತಿರುಗ್ತಿತ್ತು ಮಾರಾಯ್ರೇ. ಈಗ ಸರಿಯಾದದ್ದು ಉಂಟಲ್ಲ."